ಕೆಂಡದ ಮೇಲೆ ಯಾರು?

ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ ಒಂದು ನುಡಿಗಟ್ಟು ಕೊಟ್ಟು ಅರ್ಥ ಕೇಳಿದ್ದರು: ‘ರೇಕ್ ಸಮ್‌ಒನ್ ಓವರ್ ದ ಕೋಲ್ಸ್’. ನಾನು ಧೈರ್ಯವಾಗಿ ‘ಹಳೇ ವಿಷಯ ಕೆದಕುವುದು’ ಎಂದು ಬರೆದೆ. ಸೊನ್ನೆ ಬಂತು. ಪಕ್ಕದವನು ‘ಬಯ್ಯುವುದು’ ಎಂದು ಬರೆದು ಎರಡು ಅಂಕ ಗಿಟ್ಟಿಸಿದ್ದ. ಅವನೂ ಊಹಿಸಿಯೇ ಬರೆದಿದ್ದು ಅಂತ ನನಗೆ ಈಗಲೂ ಅನುಮಾನ.

ಸುಮ್ನೆ ಬಿಡಲಿಲ್ಲ, ವಾದಕ್ಕೆ ಹೋದೆ. “ಸರ್, ರೇಕ್ ಅಂದ್ರೆ ಕೆದಕೋದು ಅಲ್ವಾ? ಬೂದಿ ಮುಚ್ಚಿದ ಕೆಂಡ ಕೆದಕಿದ್ರೆ ಹಳೇದೇ ತಾನೇ ಮೇಲೆ ಬರೋದು?”

ಮೇಷ್ಟ್ರು ನಕ್ಕರು. ಬೋರ್ಡಿನ ಮೇಲೆ ಉದ್ದ ಹಿಡಿಯ, ಹಲ್ಲುಹಲ್ಲಿನ ಒಂದು ಕುಂಟೆ ಬರೆದರು. ಕೆಳಗೆ ಕೆಂಡದ ರಾಶಿ. ಅದರ ಮೇಲೆ ಒಬ್ಬ ಕಡ್ಡಿ ಮನುಷ್ಯ. ಅವನ ಕೂದಲು ಥೇಟ್ ನನ್ನದೇ. “ಕುಂಟೆ ಎಳೀತಿರೋದು ಯಾರನ್ನ, ಅದನ್ನ ನೋಡು” ಅಂದರು. ಮನುಷ್ಯನನ್ನು ಕೆಂಡದ ಮೇಲೆ ಎಳೆದಾಡಿದರೆ ತರಾಟೆ. ಆಮೇಲೆ ಡಸ್ಟರ್ ತೆಗೆದುಕೊಂಡು ನನ್ನನ್ನು ಅಳಿಸಿಬಿಟ್ಟರು. ಬರೀ ಕೆಂಡ ಉಳಿಯಿತು. “ಈಗ ನೀನು ಬರೆದಿದ್ದು ಸರಿ. ಆದರೆ ಇದು ‘ರೇಕ್ ಓವರ್ ಓಲ್ಡ್ ಕೋಲ್ಸ್’.”

ಬಯ್ಗುಳದ ಆ ಮಾತಿಗೆ ಬ್ರಿಟನ್ನಿನವರು ‘ಹಾಲ್’ ಎಂಬ ಪದ ಬಳಸುತ್ತಾರಂತೆ, ಅಂದರೆ ದರದರ ಎಳೆಯುವುದು. ‘ರೇಕ್’ ಅಮೆರಿಕದಲ್ಲಿ ಜಾಸ್ತಿ. ಪ್ರಶ್ನೆಪತ್ರಿಕೆಯಲ್ಲಿ ‘ಹಾಲ್’ ಇದ್ದಿದ್ದರೆ ನನ್ನ ಎರಡು ಅಂಕ ಉಳಿಯುತ್ತಿತ್ತು!

ಅವತ್ತು ಪಾಠ ಮುಂದೆ ಹೋಗಲೇ ಇಲ್ಲ. ‘ರೀಡ್ ದ ರಯಟ್ ಆಕ್ಟ್’ ಅಂದರೂ ಗದರಿಸುವುದೇ ಎಂದರು. ಏನನ್ನೋ ಓದಿದರೆ ಅದು ಬಯ್ಗುಳ ಹೇಗಾಗುತ್ತದೆ? ರಯಟ್ ಆಕ್ಟ್ ಅಂದರೆ ಗಲಭೆ ಕಾಯ್ದೆ, ಅದು ನಿಜವಾಗಿಯೂ ಇದ್ದ ಕಾನೂನು. ಬ್ರಿಟನ್ನಿನಲ್ಲಿ 1715ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. 12 ಜನರೋ ಅದಕ್ಕಿಂತ ಹೆಚ್ಚೋ ಸೇರಿ ಗಲಾಟೆ ಮಾಡಿದರೆ, ಅಧಿಕಾರಿ ಬಂದು ರಾಜನ ಹೆಸರಿನಲ್ಲಿ ಒಂದು ಘೋಷಣೆಯನ್ನು ಗಟ್ಟಿಯಾಗಿ ಓದಬೇಕು. ಓದಿದ ಒಂದು ಗಂಟೆಯೊಳಗೆ ಗುಂಪು ಚದುರಬೇಕು. ಚದುರದೆ ನಿಂತವರಿಗೆ ಆಗ ಮರಣದಂಡನೆಯೂ ಆಗಬಹುದಿತ್ತು. ನಮ್ಮ ತರಗತಿಯಲ್ಲಿ 12ಕ್ಕಿಂತ ಜಾಸ್ತಿ ಜನ ಇದ್ದೆವು, ಗಲಾಟೆಗೂ ಕೊರತೆ ಇರಲಿಲ್ಲ. ಆಮೇಲಿನಿಂದ ಮೇಷ್ಟ್ರು ಬಾಗಿಲಲ್ಲಿ ನಿಂತು ಹಾಜರಿ ಪುಸ್ತಕ ಬಿಚ್ಚಿ, “ಘೋಷಣೆ ಓದಲಾ?” ಅಂದರೆ ಸಾಕು, ಬೆಂಚುಗಳು ತಣ್ಣಗಾಗುತ್ತಿದ್ದವು. ನಿಜವಾಗಿ ಬೈದಿದ್ದು ನನಗೆ ನೆನಪೇ ಇಲ್ಲ.

ಇನ್ನೊಂದು ಕುಂಟೆಯೂ ಬಂತು, ‘ಮಕ್‌ರೇಕ್’, ಕೊಳಕು ಗೋರುವ ಕುಂಟೆ. ಹುಳುಕು ಹುಡುಕಿ ತೆಗೆಯುವ ಪತ್ರಕರ್ತರಿಗೆ 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತಮ್ಮ ಭಾಷಣದಲ್ಲಿ ಈ ಹೋಲಿಕೆ ಕೊಟ್ಟರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಕ್ಕದವನು ಈಗಲೂ ಸಿಗುತ್ತಾನೆ. ಸಿಕ್ಕಾಗಲೆಲ್ಲ, ಅದೂ ನಾಲ್ಕು ಜನರ ಮುಂದೆ, ನನ್ನ ಸೊನ್ನೆಯ ಕಥೆ ತೆಗೆಯುತ್ತಾನೆ. ಮೊನ್ನೆ ರೇಗಿತು. “ಹಳೇ ಕೆಂಡ ಯಾಕೋ ಕೆದಕ್ತೀಯ?” ಅಂದೆ.

“ಕೆಂಡ ಮಾತ್ರ ಅಲ್ಲ ಮಾರಾಯ, ಅದರ ಮೇಲೆ ನೀನೂ ಇದ್ದೀಯ” ಅಂದ.

ಈ ಸಲ ಅವನು ಊಹಿಸಿರಲಿಲ್ಲ.