ಜಿರಾಫೆ ಬರುವ ಮೊದಲು

ಜನವರಿ 18, 2026, ಭಾನುವಾರ
ಬೆಳಗಾವಿ

ಹುಕ್ಕೇರಿ ಕಡೆಯ ಬೀಗರ ಮನೆಯಿಂದ ಸಂಜೆ ವಾಪಸ್ ಬಂದೆವು. ಅಳಿಯಂದಿರು ಕಾರು ಓಡಿಸುತ್ತಿದ್ದರು. ಹತ್ತರಗಿ ಟೋಲ್ ದಾಟಿ ಭೂತರಾಮನಹಟ್ಟಿ ಹತ್ತಿರ ಬಂದಾಗ ಮೊಮ್ಮಗಳಿಗೆ ಮೃಗಾಲಯದ ಬೋರ್ಡ್ ಕಂಡಿತು. ನಿದ್ದೆಗಣ್ಣಲ್ಲಿದ್ದವಳು ಎದ್ದು ಕೂತಳು.

“ಅಜ್ಜಾ, ಇಲ್ಲಿ ಜಿರಾಫೆ ಯಾವಾಗ ಬರ್ತದ?”

ನನಗಿಂತ ಮೊದಲು ಅಳಿಯಂದಿರು ಉತ್ತರ ಕೊಟ್ಟರು. “ಸರಕಾರ ರೊಕ್ಕ ಕೊಟ್ರ ಬರ್ತದ ಪುಟ್ಟಿ. ಯಲ್ಲಮ್ಮನ ಗುಡ್ಡಕ್ಕ 100 ಕೋಟಿ ಬಂತಲ್ರಿ ಮಾಮಾರ, ಝೂಕ್ಕೂ ಹಂಗ ಬಂದ್ರ ನಮ್ಮ ಬೆಳಗಾವಿ ಎಲ್ಲಿಗೋ ಹೋಗ್ತದ.”

ನಾನು ಹೂಂ ಅಂದೆ ಅಷ್ಟೆ. ಊಟ ಆಯಿತು, ಎಲ್ಲರೂ ಮಲಗಿದರು, ಆ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ಆ 100 ಕೋಟಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ 23 ರಾಜ್ಯಗಳ 40 ಪ್ರವಾಸೋದ್ಯಮ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತು. ಎಲ್ಲ ಸೇರಿ ಸುಮಾರು 3,295 ಕೋಟಿ ರೂಪಾಯಿ. ನಮ್ಮ ರಾಜ್ಯದಿಂದ ಎರಡು: ಬೆಂಗಳೂರಿನ ತಾತಗುಣಿಯ ರೋರಿಕ್ ಎಸ್ಟೇಟ್, ನಮ್ಮ ಸವದತ್ತಿಯ ಯಲ್ಲಮ್ಮನ ಗುಡ್ಡ. ಎಲ್ಲರೂ ಇದನ್ನು ಅನುದಾನ ಅನ್ನುತ್ತಾರೆ. ಆದರೆ ಅದು ರಾಜ್ಯಕ್ಕೆ ಕೊಟ್ಟ ಸಾಲ. ಬಡ್ಡಿ ಇಲ್ಲ, ತೀರಿಸಲು 50 ವರ್ಷ. ಇನ್ನೊಂದು ಕಟ್ಟಳೆ ಇದೆ. ಆ ದುಡ್ಡು ಕಟ್ಟುವುದಕ್ಕೆ ಮಾತ್ರ. ಕಟ್ಟಿದ್ದನ್ನು ಮುಂದೆ ನಡೆಸುವ ಖರ್ಚು ರಾಜ್ಯವೇ ನೋಡಿಕೊಳ್ಳಬೇಕು.

ಗುಡ್ಡಕ್ಕೆ ಇದು ಸರಿಯಾಗಿಯೇ ಇದೆ. ಅಲ್ಲಿ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಶೌಚಾಲಯ ಬೇಕು, ಉಳಿಯಲು ಜಾಗ ಬೇಕು, ನೆರಳು ಬೇಕು. ಕಟ್ಟಿದ ಛತ್ರಕ್ಕೆ ಹಸಿವಾಗುವುದಿಲ್ಲ. ಪ್ರಾಣಿಗೆ ಆಗುತ್ತದೆ. ಅದಕ್ಕೆ ದಿನಾ ಮೇವು, ದಿನಾ ನೀರು, ದಿನಾ ಬಂದು ನೋಡುವ ಕಣ್ಣು ಬೇಕು.

ಮೃಗಾಲಯಕ್ಕೆ ಹೊಸ ಆಕರ್ಷಣೆ ಬೇಡ ಅಂತ ನಾನು ಹೇಳುವವನಲ್ಲ. 2021ರಲ್ಲಿ ಬನ್ನೇರುಘಟ್ಟದಿಂದ ಭೂತರಾಮನಹಟ್ಟಿಗೆ ಸಿಂಹಗಳು ಬಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಗೋಕಾಕ, ಚಿಕ್ಕೋಡಿ, ಖಾನಾಪುರದ ಮಕ್ಕಳಿಗೆ ಮೈಸೂರು ಅಂದರೆ ಒಂದಿಡೀ ರಾತ್ರಿಯ ಪ್ರಯಾಣ. ಎಷ್ಟೋ ಮನೆಗಳಿಗೆ ಅದು ಆಗುವ ಮಾತೇ ಅಲ್ಲ. ಜೀವಂತ ಸಿಂಹವನ್ನು ಮೊದಲ ಸಲ ನೋಡಿದ ಮಗುವಿನ ಮುಖ ನಾನು ನೋಡಿದ್ದೇನೆ. ಟಿಕೆಟ್ ದುಡ್ಡೂ ಬೇಕೇ ಬೇಕು. ಕೊರೊನಾ ಕಾಲದಲ್ಲಿ ಗೇಟು ಮುಚ್ಚಿದಾಗ ಮೃಗಾಲಯಗಳು ಎಷ್ಟು ಒದ್ದಾಡಿದವು, ಪ್ರಾಣಿಗಳನ್ನು ದತ್ತು ತಗೊಳ್ಳಿ ಅಂತ ಜನರನ್ನು ಕೇಳಬೇಕಾಯಿತು, ನೆನಪಿದೆ ಅಲ್ವಾ.

ಆದರೆ ಹೋದ ನವೆಂಬರ್ ಕೂಡ ನೆನಪಿದೆ. ಇದೇ ಭೂತರಾಮನಹಟ್ಟಿಯಲ್ಲಿ ನಾಲ್ಕೈದು ದಿನದೊಳಗೆ 31 ಕೃಷ್ಣಮೃಗಗಳು ಸತ್ತವು. ನಮ್ಮ ಕಡೆ ಚಿಗರಿ ಅನ್ನುತ್ತೇವೆ. ಇದ್ದದ್ದೇ 38. ಪೇಪರಿನಲ್ಲಿ ಕಾಯಿಲೆಯ ಇಂಗ್ಲಿಷ್ ಹೆಸರು ಓದಿ ಕೈ ನಡುಗಿತು. ಅದು ಗಳಲೆ ರೋಗ. ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ನಾನು ಜಾಸ್ತಿ ಹೆದರಿದ್ದು ಅದಕ್ಕೇ.

ಗಳಲೆ ಕಂಡವರಿಗೇ ಗೊತ್ತು. ಸಂಜೆ ಹಾಲು ಕೊಟ್ಟ ಎಮ್ಮೆ ರಾತ್ರಿ ಮೇವು ಬಿಡುತ್ತದೆ. ಜ್ವರ ಏರುತ್ತದೆ, ಜೊಲ್ಲು ಸುರಿಯುತ್ತದೆ, ಗಂಟಲು ಊದಿ ಉಸಿರು ಗೊರಗೊರ ಅನ್ನುತ್ತದೆ. ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಅಳು. ಒಂದು ವರ್ಷ ಒಂದು ಹಳ್ಳಿಗೆ ಲಸಿಕೆ ತಡವಾಗಿ ಹೋಯಿತು. ಐಸ್ ಇರಲಿಲ್ಲ, ಜೀಪು ಇರಲಿಲ್ಲ, ಅಷ್ಟರಲ್ಲಿ ಮಳೆ ಹಿಡಿಯಿತು. ಇದ್ದೊಂದು ಎಮ್ಮೆ ಕಳೆದುಕೊಂಡ ಅಜ್ಜಿ ನನಗೆ ಒಂದು ಮಾತೂ ಬೈಯಲಿಲ್ಲ. “ನೀರು ಕುಡಿ ತಮ್ಮಾ, ಬಿಸಲಾಗ ಬಂದೀದಿ” ಅಂದಳು. ಆ ತಂಬಿಗೆ ಇವತ್ತಿಗೂ ಕಣ್ಣ ಮುಂದಿದೆ.

ಈ ರೋಗಾಣು ಎಷ್ಟೋ ಸಲ ಆರೋಗ್ಯವಾಗಿರುವ ದನದ ಗಂಟಲಿನಲ್ಲೇ ಸುಮ್ನೆ ಕೂತಿರುತ್ತದೆ. ಹವೆ ಬದಲಾದಾಗ, ಮೇವು ಕಮ್ಮಿಯಾದಾಗ, ಪ್ರಾಣಿ ದಣಿದಾಗ, ಹೆದರಿದಾಗ ಏಳುತ್ತದೆ. ಎಮ್ಮೆಗಾದರೆ ಮಳೆಗಾಲಕ್ಕೆ ಮುಂಚೆ ಮೂಗುದಾಣ ಹಿಡಿದು ಸೂಜಿ ಚುಚ್ಚಬಹುದು. ಚಿಗರಿಯನ್ನು ಹಿಡಿಯುವುದು ಹೇಗೆ? ಅಟ್ಟಿಸಿಕೊಂಡು ಹೋದರೆ ಆ ಹೆದರಿಕೆಗೇ ಎದೆ ಒಡೆದು ಸಾಯುವ ಪ್ರಾಣಿ ಅದು. ಅಂದರೆ ಕೆಲಸವೆಲ್ಲ ರೋಗ ಬರುವ ಮೊದಲೇ ಆಗಬೇಕು. ಹೊಸದಾಗಿ ಬಂದ ಪ್ರಾಣಿಯನ್ನು ಕನಿಷ್ಠ 30 ದಿನ ಬೇರೆ ಕಡೆ ಇಟ್ಟು ನೋಡಬೇಕು. ಒಂದೇ ದೊಡ್ಡಿಯಲ್ಲಿ ಎಲ್ಲವನ್ನೂ ತುಂಬದೆ ಎರಡು ಮೂರು ಗುಂಪು ಮಾಡಬೇಕು. ನೀರಿನ ತೊಟ್ಟಿ ದಿನಾ ತಿಕ್ಕಬೇಕು. ಒಳಗೆ ಹೋಗುವವರು ಔಷಧಿ ನೀರಿನಲ್ಲಿ ಕಾಲು ಅದ್ದಿ ಹೋಗಬೇಕು. ಸುತ್ತಲಿನ ಹಳ್ಳಿಗಳ ಎಮ್ಮೆ, ಎತ್ತು, ಆಡುಗಳಿಗೆ ತಪ್ಪದೆ ಲಸಿಕೆ ಆಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಐದು ನಿಮಿಷ ಬೇಲಿ ಹತ್ತಿರ ನಿಂತು, ಯಾವ ಚಿಗರಿ ಕಿವಿ ಜೋತು ಬಿಟ್ಟಿದೆ ಅಂತ ಗುರುತಿಸುವ ಕಾವಲುಗಾರ ಬೇಕು. ಅವನಿಗೆ ತಿಂಗಳಿಗೆ ಸರಿಯಾಗಿ ಪಗಾರ ಆಗಬೇಕು.

ಇದರಲ್ಲಿ ಒಂದಾದರೂ ಫೋಟೊದಲ್ಲಿ ಕಾಣುತ್ತದೆಯೇ? ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಲು ಇದರಲ್ಲಿ ಏನಿದೆ? ನನಗೆ ಸಂಕಟ ಆಗುವುದು ಇಲ್ಲಿಯೇ. ಪ್ರವಾಸೋದ್ಯಮದ ದುಡ್ಡು ಬರುವುದು ಎಷ್ಟು ಜನ ಹೊಸದಾಗಿ ಬರುತ್ತಾರೆ ಅನ್ನುವ ಲೆಕ್ಕದ ಮೇಲೆ. ದೊಡ್ಡಿಯೊಳಗೆ ಎಷ್ಟು ಪ್ರಾಣಿ ಬದುಕಿ ಉಳಿದವು ಅನ್ನುವುದಕ್ಕೂ ಆ ಅರ್ಜಿಯಲ್ಲಿ ಒಂದು ಕಲಂ ಇರಬೇಕು. ಸಫಾರಿ ಬಸ್ಸಿಗೆ ಒಂದು ಕೋಟಿ ಕೊಟ್ಟರೆ ಅದರ ಜೊತೆಗೇ ಇಂತಿಷ್ಟು ದುಡ್ಡು ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ವೈದ್ಯರು, ಔಷಧಿ, ಮೇವು ನಡೆಯುವ ಹಾಗೆ ಮಾಡಬಾರದೇ? ಮಗಳ ಮದುವೆಗೆ ಸಾಲ ಮಾಡುವ ರೈತನೂ ಮರುದಿನದ ಜೋಳಕ್ಕೆ ಒಂದಿಷ್ಟು ತೆಗೆದಿಡುತ್ತಾನೆ.

ಮುಧೋಳ, ಬೀಳಗಿ ನಡುವಿನ ಯಡಹಳ್ಳಿಯಲ್ಲಿ ಚಿಂಕಾರ ಅನ್ನುವ ಜಿಂಕೆಯಂಥ ಪ್ರಾಣಿಗಳಿವೆ. 2016ರಲ್ಲಿ 96 ಚದರ ಕಿಲೋಮೀಟರಿನಷ್ಟು ಕುರುಚಲು ಕಾಡನ್ನು ಅವುಗಳಿಗೆಂದೇ ಅಭಯಾರಣ್ಯ ಮಾಡಿದರು. ಅಲ್ಲಿ ಕಮಾನು, ಸೇತುವೆ ಏನೂ ಬೇಡ. ಬೇಸಿಗೆಯಲ್ಲಿ ನೀರು, ಬೀದಿ ನಾಯಿಗಳ ಕಾಟ ತಪ್ಪಿದರೆ ಸಾಕು. ಮೊಮ್ಮಗಳನ್ನು ಒಮ್ಮೆ ಅಲ್ಲಿಗೂ ಕರೆದುಕೊಂಡು ಹೋಗಬೇಕು. ದೂರದಿಂದ ಒಂದೇ ಒಂದು ಕಂಡರೂ ಆಯಿತು.

ಜಿರಾಫೆ ಬಗ್ಗೆ ಅವಳಿಗೆ ನಾಳೆ ನಿಜ ಹೇಳುತ್ತೇನೆ. ಅದು ಬರಲಿ, ನನಗೂ ಆಸೆ ಇದೆ. ಆದರೆ ಅದರ ಮನೆಗಿಂತ ಮೊದಲು ಉಳಿದಿರುವ ಚಿಗರಿಗಳ ಮನೆ ಗಟ್ಟಿಯಾಗಲಿ.

ಮೇ ತಿಂಗಳಲ್ಲಿ ಕಾಕತಿ, ಭೂತರಾಮನಹಟ್ಟಿ ಸುತ್ತಲಿನ ಹಳ್ಳಿಗಳಿಗೆ ಗಳಲೆ ಲಸಿಕೆ ಹೋಗುವಾಗ ನಾನೂ ಬರುತ್ತೇನೆ ಅಂತ ಈಗ ಕೆಲಸದಲ್ಲಿರುವ ಹುಡುಗರಿಗೆ ಫೋನ್ ಮಾಡಬೇಕು. ಸೂಜಿ ಹಿಡಿಯಲು ಕೈ ಈಗ ಅಷ್ಟು ಗಟ್ಟಿ ಇಲ್ಲ. ಐಸ್ ಪೆಟ್ಟಿಗೆ ಹಿಡಿದುಕೊಳ್ಳುತ್ತೇನೆ, ಮನೆಮನೆಗೆ ಹೋಗಿ ಎಮ್ಮೆ ಹೊರಗೆ ಕಟ್ಟಿ ಅಂತ ಕೂಗುತ್ತೇನೆ.