ಹಡಗು ಹತ್ತುವ ಮೊದಲು ನೋಡಿಕೊಳ್ಳಬೇಕಾದ ಕಾಗದಗಳು

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರಲಾರಂಭಿಸುತ್ತವೆ. ಇಳಿದವರು ಕುದ್ರೋಳಿ, ಕದ್ರಿ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಮರಳಿ ಹಡಗು ಸೇರುತ್ತಾರೆ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಸುಮ್ಮನಾಗುತ್ತಿದ್ದ ನಮ್ಮ ಊರಿನವರೇ ಈಗ ಮುಂಬೈಗೋ ಕೊಚ್ಚಿಗೋ ಸಿಂಗಾಪುರಕ್ಕೋ ಹೋಗಿ ಅಂಥ ಹಡಗು ಹತ್ತತೊಡಗಿದ್ದಾರೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೂ ಅರ್ಜಿ, ನಮೂನೆಗಳ ನಂಟು ಬಿಡದ ನನ್ನ ಬಳಿಗೆ ಬಂಧುಗಳೂ ನೆರೆಯವರೂ ಹೊತ್ತು ತರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಹಡಗಿಗೆ ಆಧಾರ್ ಸಾಕೇ, ಪಾಸ್‌ಪೋರ್ಟ್ ಬೇಕೇ?

ಹಡಗು ಎಷ್ಟು ದೊಡ್ಡದು, ಎಷ್ಟು ದಿನದ ಪ್ರವಾಸ, ಟಿಕೆಟಿಗೆ ಎಷ್ಟು ಹಣ ಕೊಟ್ಟಿದ್ದೀರಿ ಎಂಬ ಯಾವುದಕ್ಕೂ ಈ ಪ್ರಶ್ನೆಯೊಂದಿಗೆ ಸಂಬಂಧವಿಲ್ಲ. ಹಡಗು ಯಾವ ಯಾವ ಬಂದರುಗಳನ್ನು ಮುಟ್ಟುತ್ತದೆ, ಹತ್ತುವವರು ಯಾವ ದೇಶದ ಪ್ರಜೆಗಳು ಎಂಬೆರಡನ್ನು ತಿಳಿದುಕೊಂಡರೆ ಉತ್ತರದ ಬಹುಭಾಗ ಸಿಕ್ಕಂತೆಯೇ. ಪ್ರವಾಸ ಏರ್ಪಡಿಸುವವರ ಕರಪತ್ರದಲ್ಲಿ ‘ಮಾನ್ಯ ಗುರುತಿನ ಚೀಟಿ ಕಡ್ಡಾಯ’ ಎಂಬ ಒಂದು ಸಾಲು ಇರುತ್ತದೆ. ಯಾವುದು ಮಾನ್ಯ, ಯಾರಿಗೆ ಮಾನ್ಯ ಎಂಬುದನ್ನು ಹೇಳದ ಆ ಸಾಲು ನನ್ನ ಮಟ್ಟಿಗೆ ನಿರುಪಯುಕ್ತ.

ಮುಂಬೈಯಿಂದ ಗೋವಾ, ಕೊಚ್ಚಿ ಅಥವಾ ಲಕ್ಷದ್ವೀಪದ ಕಡೆಗೆ ಹೋಗಿ ಭಾರತದ ಬಂದರಿಗೇ ಮರಳುವ ಹಡಗುಗಳಲ್ಲಿ ಭಾರತೀಯ ಪ್ರಜೆಗೆ ಪಾಸ್‌ಪೋರ್ಟ್ ಬೇಕಾಗುವುದಿಲ್ಲ. ಭಾವಚಿತ್ರವಿರುವ ಸರ್ಕಾರಿ ಗುರುತಿನ ದಾಖಲೆಗಳಾದ ಆಧಾರ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ ಇವುಗಳಲ್ಲಿ ಒಂದು ಸಾಕು. ಪಾಸ್‌ಪೋರ್ಟ್ ಇದ್ದರೆ ಅದೂ ನಡೆಯುತ್ತದೆ. ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದರೆ ದೇಶದ ಜಲಗಡಿ ಮುಗಿಯುತ್ತದೆ, ಆದುದರಿಂದ ಅದು ವಿದೇಶ ಪ್ರಯಾಣವಾಗುತ್ತದೆ ಎಂದು ವಾದಿಸಿದವರೂ ಇದ್ದಾರೆ. ಹಡಗು ಆ ಗೆರೆಯನ್ನು ದಾಟಿದರೂ ಬೇರೆ ದೇಶದ ಬಂದರನ್ನು ಮುಟ್ಟದಿದ್ದರೆ ಪ್ರಯಾಣಿಕನ ಪಾಲಿಗೆ ಅದು ದೇಶದೊಳಗಿನ ಪ್ರಯಾಣವೇ. ಅದೇ ಹಡಗು ಚೆನ್ನೈಯಿಂದ ಶ್ರೀಲಂಕಾಕ್ಕೆ ಹೊರಟರೆ ಮಾತ್ರ ಲೆಕ್ಕ ಬದಲಾಗಿ, ಪಾಸ್‌ಪೋರ್ಟೂ ಆ ದೇಶದ ಪ್ರವೇಶಾನುಮತಿಯೂ ಬೇಕಾಗುತ್ತವೆ.

ಪ್ಯಾನ್ ಕಾರ್ಡಿನ ಬಗ್ಗೆ ಒಂದು ಮಾತು. ಅದರಲ್ಲಿ ಭಾವಚಿತ್ರವಿದೆ, ಸರ್ಕಾರದ ಮುದ್ರೆಯಿದೆ, ರೈಲಿನಲ್ಲಿ ಟಿಕೆಟ್ ತಪಾಸಕರೂ ಒಪ್ಪುತ್ತಾರೆ, ಆದರೆ ವಿಳಾಸವಿಲ್ಲ. ವಸತಿಗೃಹಗಳಲ್ಲಿ ಅದನ್ನು ನಿರಾಕರಿಸುವುದು ಈ ಕಾರಣಕ್ಕೇ, ಹಡಗಿನಲ್ಲೂ ಅದನ್ನು ನಂಬಿ ಹೋಗಬಾರದು. ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ ಹೋಗುವಾಗ ಮೊಬೈಲಿನಲ್ಲಿ ತೋರಿಸಿದ ಆಧಾರ್ ನಡೆಯಿತೆಂದು ಅಲ್ಲಿ ಹಡಗು ಹತ್ತುವ ಬ್ಯಾಲಾರ್ಡ್ ಪಿಯರಿನಲ್ಲೂ ನಡೆಯುತ್ತದೆ ಎಂದು ಭಾವಿಸುವುದು ಸಹಜವಾದರೂ ಜಾಣತನವಲ್ಲ. ಡಿಜಿಲಾಕರ್‌ನಲ್ಲಿರುವ ದಾಖಲೆಗೆ ಕಾನೂನಿನ ಮಾನ್ಯತೆ ಇದೆ, ನಿಜ. ಆದರೆ ಹಡಗು ಹತ್ತಿಸಿಕೊಳ್ಳುವವರು ಮೂಲ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಲು ಬಯಸುತ್ತಾರೆ, ದಡ ಬಿಟ್ಟ ಮೇಲೆ ಮೊಬೈಲಿಗೆ ಸಂಕೇತ ಸಿಗುವ ಭರವಸೆಯೂ ಇಲ್ಲ. ಮೂಲ ಪ್ರತಿ ಒಂದು, ಜೆರಾಕ್ಸ್ ಎರಡು, ಮೊಬೈಲಿನಲ್ಲಿ ಒಂದು ಚಿತ್ರ ಎಂಬಷ್ಟು ಸಿದ್ಧತೆ ದೇಶದೊಳಗಿನ ಪ್ರಯಾಣಕ್ಕೆ ಸಾಕು.

ಲಕ್ಷದ್ವೀಪದ ವಿಷಯ ಮಾತ್ರ ಬೇರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದಿಗೂ ಅಲ್ಲಿಗೆ ಬೇಕಾದ ಸಾಮಾನು ಮಂಗಳೂರಿನ ಹಳೆ ಬಂದರಿನಿಂದ ಹೋಗುತ್ತದೆ. ಇಷ್ಟು ಹಳೆಯ ನಂಟಿದ್ದರೂ ಇಂದು ನಾವು ಅಲ್ಲಿ ಕಾಲಿಡಬೇಕಾದರೆ, ಭಾರತದ ಪ್ರಜೆಗಳಾಗಿದ್ದರೂ, 1967ರ ನಿಯಮಗಳ ಪ್ರಕಾರ ಪ್ರವೇಶ ಪರವಾನಗಿ ಪಡೆದಿರಬೇಕು. ಹಡಗಿನ ಪ್ರವಾಸದಲ್ಲಿ ಈ ಪರವಾನಗಿಯನ್ನು ಸಾಮಾನ್ಯವಾಗಿ ಪ್ರವಾಸ ಏರ್ಪಡಿಸಿದವರೇ ಮಾಡಿಸಿಕೊಡುತ್ತಾರೆ. ಅದಕ್ಕಾಗಿ ಅವರು ಮುಂಚಿತವಾಗಿ ಕೇಳುವ ಗುರುತಿನ ದಾಖಲೆ, ಭಾವಚಿತ್ರಗಳನ್ನು ‘ಆಮೇಲೆ ಕಳುಹಿಸಿದರಾಯಿತು’ ಎಂದು ಮುಂದೂಡಬಾರದು. ಪರವಾನಗಿಯಲ್ಲಿ ಯಾವ ದಾಖಲೆಯ ಸಂಖ್ಯೆ ಇದೆಯೋ ಅದೇ ದಾಖಲೆ ಹತ್ತುವ ದಿನವೂ ಕೈಯಲ್ಲಿರಲಿ. ಆಧಾರ್ ಕೊಟ್ಟು ಪರವಾನಗಿ ಮಾಡಿಸಿ, ಚಾಲನಾ ಪರವಾನಗಿ ಹಿಡಿದು ಹೋದರೆ ಅನಗತ್ಯ ಮಾತುಕತೆಗೆ ದಾರಿಯಾಗುತ್ತದೆ.

ಇನ್ನು ವಿದೇಶದ ಬಂದರು ಮುಟ್ಟುವ ಪ್ರಯಾಣ. ಇಲ್ಲಿ ಪಾಸ್‌ಪೋರ್ಟ್ ಬೇಕೆಂಬುದು ಎಲ್ಲರಿಗೂ ಗೊತ್ತು; ತೊಡಕು ಇರುವುದು ಅವಧಿಯಲ್ಲಿ ಮತ್ತು ವೀಸಾದ ಬಗೆಯಲ್ಲಿ. ಪ್ರವಾಸ ಮುಗಿಯುವ ದಿನದಿಂದ ಮುಂದೆ ಆರು ತಿಂಗಳ ಅವಧಿ ಪಾಸ್‌ಪೋರ್ಟಿಗೆ ಉಳಿದಿರಬೇಕೆಂದು ಬಹುತೇಕ ಹಡಗು ಕಂಪನಿಗಳು ಕೇಳುತ್ತವೆ. ದೊಡ್ಡವರ ಪಾಸ್‌ಪೋರ್ಟ್ 10 ವರ್ಷಕ್ಕೆ, ಮಕ್ಕಳದು 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಮನೆಮಂದಿಯೆಲ್ಲ ಒಂದೇ ದಿನ ಪಾಸ್‌ಪೋರ್ಟ್ ಮಾಡಿಸಿದ್ದರೂ ಮಕ್ಕಳದು ಮೊದಲು ಮುಗಿದಿರುತ್ತದೆ ಎಂಬುದು ಟಿಕೆಟ್ ಕೊಂಡ ಮೇಲೆ ನೆನಪಾದರೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಓಡಬೇಕಾಗುತ್ತದೆ.

ವೀಸಾದ ವಿಷಯದಲ್ಲಿ ನೆನಪಿಡಬೇಕಾದದ್ದು ಹಡಗು ಹೊರಟ ಬಂದರಿಗೇ ಮರಳುತ್ತದೆ ಎಂಬ ಸಂಗತಿ. ಸಿಂಗಾಪುರದಿಂದ ಹಡಗು ಹತ್ತಿ ಮಲೇಷ್ಯಾದ ಪೆನಾಂಗ್ ನೋಡಿ ಮತ್ತೆ ಸಿಂಗಾಪುರಕ್ಕೆ ಬಂದರೆ ನೀವು ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತೆ. ಆದುದರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶವಿರುವ ವೀಸಾವೇ ಬೇಕು, ಪ್ರತಿ ಸಲದ ಆಗಮನಕ್ಕೂ ಆನ್‌ಲೈನ್ ಆಗಮನ ಪತ್ರ ತುಂಬಬೇಕು. ದುಬೈಯಿಂದ ಹೊರಟು ಒಮಾನ್ ನೋಡಿ ಮರಳುವ ಹಡಗಿಗೂ ಇದೇ ಲೆಕ್ಕ. ಯುರೋಪಿನಲ್ಲಿ ಹಡಗು ಷೆಂಗೆನ್ ವಲಯದ, ಅಂದರೆ ಒಂದೇ ವೀಸಾ ನಡೆಯುವ ದೇಶಗಳ ಗುಂಪಿನ, ಹೊರಗಿನ ಬಂದರಿಗೆ ಹೋಗಿ ಮರಳುವುದಾದರೂ ಹಾಗೆಯೇ. ‘ನಾವು ಹಡಗಿನಿಂದ ಇಳಿಯುವುದೇ ಇಲ್ಲ, ನಮಗೇಕೆ ವೀಸಾ?’ ಎಂದು ಕೇಳುವವರಿದ್ದಾರೆ. ದಾರಿಯಲ್ಲಿ ಮುಟ್ಟುವ ಪ್ರತಿಯೊಂದು ದೇಶದ ಪ್ರವೇಶಕ್ಕೂ ಕಾಗದ ಸರಿಯಿದ್ದರೆ ಮಾತ್ರ ಹಡಗು ಹತ್ತಲು ಬಿಡುವುದು ಕಂಪನಿಗಳ ರೂಢಿ. ಕೋಣೆಯಲ್ಲೇ ಕುಳಿತಿರುತ್ತೇನೆ ಎಂಬ ಮಾತನ್ನು ಕೌಂಟರಿನಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಅಮೆರಿಕದ ಪ್ರಯಾಣಗಳಲ್ಲಿ ಗೊಂದಲ ಹೆಚ್ಚು, ಅದಕ್ಕೆ ಕಾರಣ ಅಲ್ಲಿರುವ ನಮ್ಮವರೇ. ಕಾವೂರಿನ ಮಾಸ್ಟ್ರೊಬ್ಬರ ಮಗ ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದವನು. ಅಪ್ಪ ಅಮ್ಮನಿಗಾಗಿ ಫ್ಲೋರಿಡಾದಿಂದ ಕೆರಿಬಿಯನ್ ದ್ವೀಪಗಳಿಗೆ ಹೋಗಿ ಮರಳುವ ಹಡಗಿನಲ್ಲಿ ಜಾಗ ಕಾದಿರಿಸಿದ ಅವನು, ‘ಜನನ ಪ್ರಮಾಣಪತ್ರ ಮತ್ತು ಒಂದು ಫೋಟೋ ಐಡಿ ಇದ್ದರೆ ಸಾಕಪ್ಪಾ’ ಎಂದು ಫೋನಿನಲ್ಲಿ ಹೇಳಿದ್ದ. ಅವನ ಮಾತು ಸುಳ್ಳಲ್ಲ. ಅಮೆರಿಕದ ಒಂದು ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಇಂಥ ಪ್ರಯಾಣಗಳಲ್ಲಿ ಅಮೆರಿಕದ ಪ್ರಜೆಗಳಿಗೆ ಆ ರಿಯಾಯಿತಿ ಇದೆ. ಆದರೆ ಅದು ಆ ದೇಶದ ಪ್ರಜೆಗಳಿಗೆ ಮಾತ್ರ. ಭಾರತದ ಪಾಸ್‌ಪೋರ್ಟಿನವರಾದ ಮಾಸ್ಟ್ರಿಗೂ ಅವರ ಪತ್ನಿಗೂ ಪಾಸ್‌ಪೋರ್ಟ್ ಬೇಕೇ ಬೇಕು, ಮರಳಿ ಇಳಿಯುವಾಗ ಸಿಂಧುವಾಗಿರುವ ಅಮೆರಿಕದ ವೀಸಾವೂ ಬೇಕು, ಹಡಗು ಮುಟ್ಟುವ ದ್ವೀಪಗಳು ಭಾರತೀಯರಿಂದ ಏನು ಕೇಳುತ್ತವೆ ಎಂಬುದನ್ನು ಒಂದೊಂದಾಗಿ ನೋಡಿಕೊಳ್ಳಬೇಕು. ಮಾಸ್ಟ್ರ ವೀಸಾ ಇನ್ನೂ ಸಿಂಧುವಾಗಿತ್ತು, ಆದರೆ ಅದು ಇದ್ದದ್ದು ಅವಧಿ ಮುಗಿದ ಹಳೆಯ ಪಾಸ್‌ಪೋರ್ಟಿನಲ್ಲಿ. ಅದಕ್ಕೆ ಹೆದರಬೇಕಾಗಿಲ್ಲ, ಅಮೆರಿಕದ ವೀಸಾ ಹಾಳಾಗದೆ, ರದ್ದಾಗದೆ ಇದ್ದರೆ ಹಳೆಯ ಪಾಸ್‌ಪೋರ್ಟನ್ನೂ ಹೊಸದನ್ನೂ ಜೊತೆಗೆ ಒಯ್ದರೆ ನಡೆಯುತ್ತದೆ. ಹಳೆಯ ಪಾಸ್‌ಪೋರ್ಟನ್ನು ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟು ಹೋಗುವುದೇ ಇಲ್ಲಿರುವ ಅಪಾಯ.

ಅಲಾಸ್ಕದ ಕಥೆ ಇನ್ನೂ ಸ್ವಾರಸ್ಯದ್ದು. ಸಿಯಾಟಲ್ ಅಮೆರಿಕದ್ದು, ಅಲಾಸ್ಕವೂ ಅಮೆರಿಕದ್ದೇ, ಹಾಗಾದರೆ ಕೆನಡಾದ ವೀಸಾ ಏಕೆ ಕೇಳುತ್ತಾರೆ? ಅಮೆರಿಕದಲ್ಲಿ 1886ರ ಪ್ರಯಾಣಿಕ ಹಡಗುಗಳ ಕಾನೂನೊಂದು ಇಂದಿಗೂ ಜಾರಿಯಲ್ಲಿದೆ. ಬೇರೆ ದೇಶದ ಧ್ವಜ ಹೊತ್ತ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸುತ್ತಾಡಿಸಿ ಮರಳುವಂತಿಲ್ಲ, ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಿರಬೇಕು. ದೊಡ್ಡ ವಿಹಾರ ನೌಕೆಗಳು ಬಹುತೇಕ ಬಹಾಮಾಸ್, ಪನಾಮಾದಂಥ ದೇಶಗಳ ಧ್ವಜ ಹೊತ್ತವು. ಆದುದರಿಂದ ಅವು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ, ಅದೂ ಸಾಮಾನ್ಯವಾಗಿ ಸಂಜೆಯ ಹೊತ್ತು, ನಿಲ್ಲುತ್ತವೆ. ಆ ಕೆಲವು ಗಂಟೆಗಾಗಿ ಭಾರತೀಯ ಪ್ರಯಾಣಿಕ ಕೆನಡಾದ ವೀಸಾವನ್ನು ಹೊಂದಿರಬೇಕು.

ಕಾಗದಗಳೆಲ್ಲ ಇದ್ದೂ ಕಂಗೆಡಿಸುವುದು ಹೆಸರು. ನಮ್ಮ ಕರಾವಳಿಯಲ್ಲಿ ಇದು ತುಸು ಹೆಚ್ಚೇ. ಒಬ್ಬರ ಆಧಾರಿನಲ್ಲಿ ಮನೆತನದ ಅಕ್ಷರ ಮುಂದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಪೂರ್ಣ ಹೆಸರು. ಒಬ್ಬರ ‘ಪೂಜಾರಿ’ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ಬಗೆ, ಇನ್ನೊಂದು ಕಡೆ ಇನ್ನೊಂದು ಬಗೆ. ಮದುವೆಯ ಬಳಿಕ ಒಂದು ದಾಖಲೆಯಲ್ಲಿ ಮಾತ್ರ ಗಂಡನ ಮನೆಯ ಹೆಸರು. ಡಿಸೋಜ, ಡಿಸಿಲ್ವ ಮನೆತನದವರು ಇಂಗ್ಲಿಷಿನಲ್ಲಿ ತಮ್ಮ ಹೆಸರಿನ ನಡುವೆ ಬರೆಯುವ ಮೇಲಿನ ಚುಕ್ಕೆಗೆ (ಅಪಾಸ್ಟ್ರಫಿಗೆ) ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಲ್ಲಿ ಜಾಗವಿಲ್ಲ. ಸಾಲಿಗೆ 44ರಂತೆ ಅಲ್ಲಿರುವುದು ಅಕ್ಷರ, ಅಂಕಿ ಮತ್ತು ತುಂಬುವ ಗುರುತು ಮಾತ್ರ. ಪಾಸ್‌ಪೋರ್ಟ್ ಹಿಡಿದು ಹೋಗುವವರು ಟಿಕೆಟ್ ಕಾದಿರಿಸುವಾಗ ಆ ಎರಡು ಸಾಲುಗಳನ್ನು ನೋಡಿಯೇ ಹೆಸರು ಬರೆಯಬೇಕೆಂದು ನಾನು ಹೇಳುವುದು. ಮನೆಯಲ್ಲಿ ಕರೆಯುವ ಹೆಸರು, ಮದುವೆಯ ಕರೆಯೋಲೆಯ ಹೆಸರು ಯಾವುದೂ ಅಲ್ಲಿ ಬೇಡ.

ಮನೆತನದ ಹೆಸರಿನ ಜಾಗ ಖಾಲಿ ಇರುವ ಪಾಸ್‌ಪೋರ್ಟುಗಳೂ ನಮ್ಮಲ್ಲಿ ಸಾಕಷ್ಟಿವೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದಲ್ಲಿ ಬರುವವರ ಪ್ರವೇಶವನ್ನು ಯುಎಇ 2022ರ ನವೆಂಬರಿನಲ್ಲಿ ನಿರ್ಬಂಧಿಸಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದವರಿಗೆ ಬಳಿಕ ವಿನಾಯಿತಿ ದೊರೆಯಿತು. ದುಬೈಯಿಂದ ಹಡಗು ಹತ್ತುವ ಯೋಚನೆ ಇರುವವರು ತಮ್ಮ ಪಾಸ್‌ಪೋರ್ಟಿನ ಮೊದಲ ಪುಟವನ್ನು ಈ ಕಣ್ಣಿನಿಂದ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಅಜ್ಜ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ಪ್ರವಾಸಗಳು ಈಗ ಹೆಚ್ಚಾಗಿವೆ. ಮಗು ಯಾರದು, ಒಯ್ಯುವವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಹಡಗಿನವರು ಕೇಳುವುದು ಅನುಮಾನದಿಂದಲ್ಲ, ಮಕ್ಕಳ ಅಪಹರಣ ತಡೆಯುವ ಸಲುವಾಗಿ. ಮಗುವಿನ ಜನನ ಪ್ರಮಾಣಪತ್ರ, ತಂದೆ ತಾಯಿ ಇಬ್ಬರೂ ಸಹಿ ಮಾಡಿ ನೋಟರಿಯ ಮುಂದೆ ದೃಢೀಕರಿಸಿದ ಒಪ್ಪಿಗೆ ಪತ್ರ, ಅವರ ಗುರುತಿನ ದಾಖಲೆಯ ಪ್ರತಿ ಇವಿಷ್ಟನ್ನು ಜೊತೆಗಿಟ್ಟುಕೊಳ್ಳಬೇಕು. ತಂದೆ ಅಥವಾ ತಾಯಿ ಒಬ್ಬರೇ ಕರೆದೊಯ್ಯುವಾಗಲೂ ಇನ್ನೊಬ್ಬರ ಪತ್ರ ಇದ್ದರೆ ಮೇಲು. ರಜೆಗೆಂದು ಅಮೆರಿಕದಿಂದ ಬಂದ ಮೊಮ್ಮಗನಾದರೆ ಅವನ ಗುರುತು ಅವನ ದೇಶದ ಪಾಸ್‌ಪೋರ್ಟ್. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಅದರ ಜೊತೆಗೆ ಇರಬೇಕಾದದ್ದೇ ಹೊರತು ಅದೊಂದೇ ಸಾಲದು. ಲಕ್ಷದ್ವೀಪದ ಮಟ್ಟಿಗೆ ವಿದೇಶಿ ಪಾಸ್‌ಪೋರ್ಟಿನವರಿಗೆ ನಿಯಮ ಬೇರೆಯೇ ಇದೆ, ಅವರು ಹೋಗಬಹುದಾದ ದ್ವೀಪಗಳೂ ಕೆಲವೇ. ಆದುದರಿಂದ ಕುಟುಂಬದಲ್ಲಿ ಅಂಥವರಿದ್ದರೆ ಹಣ ಕಟ್ಟುವ ಮೊದಲೇ ವಿಚಾರಿಸಬೇಕು.

ನಮ್ಮೂರಿನ ಅನೇಕ ಮನೆಗಳಲ್ಲಿ ಹಡಗಿನಲ್ಲಿ ದುಡಿಯುವ ಮಗನೋ ಅಳಿಯನೋ ಇದ್ದಾನೆ. ಅವನ ಕೈಯಲ್ಲಿರುವ ಸಿಡಿಸಿ ಎಂಬ ನಾವಿಕ ಸೇವೆಯ ಪುಸ್ತಕ, ನಾವಿಕರ ನೋಂದಣಿಯ ಇಂಡೋಸ್ ಸಂಖ್ಯೆ, ಬಯೋಮೆಟ್ರಿಕ್ ನಾವಿಕ ಗುರುತಿನ ಚೀಟಿ ಇವೆಲ್ಲ ಕೆಲಸಗಾರನಿಗೆ ಸೇರಿದವು. ಅವನ ಹಡಗಿನಲ್ಲೇ ಪ್ರವಾಸ ಹೊರಟರೂ ಮನೆಯವರು ಕಾನೂನಿನ ಕಣ್ಣಿಗೆ ಸಾಮಾನ್ಯ ಪ್ರಯಾಣಿಕರೇ, ಮೇಲೆ ಹೇಳಿದ ಯಾವ ಕಾಗದದಿಂದಲೂ ಅವರಿಗೆ ವಿನಾಯಿತಿ ಇಲ್ಲ.

ಇಷ್ಟೆಲ್ಲ ತಪಾಸಣೆಗೆ ಕಾರಣ ಕಂಪನಿಯ ಹಟವಲ್ಲ. ಸಮುದ್ರದಲ್ಲಿ ಜೀವರಕ್ಷಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗು ದಡ ಬಿಡುವ ಮೊದಲು ಅದರಲ್ಲಿರುವ ಎಲ್ಲರ ಎಣಿಕೆ ಆಗಿರಬೇಕು, ಅವಘಡವಾದರೆ ಯಾರನ್ನು ಹುಡುಕಬೇಕೆಂಬುದು ದಡದಲ್ಲಿರುವವರಿಗೆ ಗೊತ್ತಿರಬೇಕು. ಇದರ ಮೇಲೆ, 2004ರ ಜುಲೈ 1ರಿಂದ ಜಾರಿಗೆ ಬಂದ ಹಡಗು ಮತ್ತು ಬಂದರುಗಳ ಭದ್ರತಾ ಸಂಹಿತೆ ಗುರುತಿಲ್ಲದವರಿಗೆ ಬಂದರಿನ ಒಳಗೆ ಪ್ರವೇಶವನ್ನೇ ಮುಚ್ಚಿತು. ಪಣಂಬೂರಿನ ದ್ವಾರದಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಒಳಹೋಗುವವರ ಗುರುತು ಕೇಳುವುದೂ ಈ ವ್ಯವಸ್ಥೆಯ ಭಾಗವೇ.

ಹತ್ತುವ ದಿನದ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ದೊಡ್ಡ ಪೆಟ್ಟಿಗೆಗಳನ್ನು ಟರ್ಮಿನಲಿನ ಬಾಗಿಲಲ್ಲೇ ಪಡೆದುಕೊಳ್ಳುತ್ತಾರೆ, ಅವು ಕೋಣೆಗೆ ತಲುಪುವುದು ಹಲವು ಗಂಟೆಗಳ ಬಳಿಕ. ಪಾಸ್‌ಪೋರ್ಟನ್ನು ಭದ್ರವಾಗಿರಲೆಂದು ಆ ಪೆಟ್ಟಿಗೆಯ ತಳದಲ್ಲಿ ಇಟ್ಟವರು ಕೌಂಟರಿನ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಕಾಗದಗಳೆಲ್ಲ ಕೈಚೀಲದಲ್ಲಿರಲಿ. ತಪಾಸಣೆ ಮುಗಿದಾಗ ನಿಮ್ಮ ಭಾವಚಿತ್ರ ತೆಗೆದು ಹಡಗಿನ ಕಾರ್ಡೊಂದನ್ನು ಕೊಡುತ್ತಾರೆ. ಕೋಣೆಯ ಬೀಗದ ಕೈ, ಖರ್ಚಿನ ಖಾತೆ, ಇಳಿದು ಹತ್ತುವಾಗಿನ ಗುರುತು ಎಲ್ಲವೂ ಅದೇ. ಕೆಲವು ಮಾರ್ಗಗಳಲ್ಲಿ ವಲಸೆ ತಪಾಸಣೆಯ ಅನುಕೂಲಕ್ಕಾಗಿ ಪಾಸ್‌ಪೋರ್ಟುಗಳನ್ನು ಹಡಗಿನ ಕಚೇರಿಯೇ ಸಂಗ್ರಹಿಸಿ ಇಟ್ಟುಕೊಂಡು ಪ್ರವಾಸದ ಕೊನೆಯಲ್ಲಿ ಮರಳಿಸುತ್ತದೆ. ಅದು ವಾಡಿಕೆ, ಗಾಬರಿಯಾಗಬೇಕಾಗಿಲ್ಲ. ಅಂಥ ಸಂದರ್ಭದಲ್ಲಿ ನಡುವಿನ ಬಂದರುಗಳಲ್ಲಿ ಊರು ನೋಡಲು ಇಳಿಯುವಾಗ ಹಡಗಿನ ಕಾರ್ಡಿನ ಜೊತೆಗೆ ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯೂ ಕಿಸೆಯಲ್ಲಿರಬೇಕು.