ಒಬ್ಬ ಪೇಷೆಂಟ್ ಸುತ್ತ ಇಷ್ಟೊಂದು ಜನ ಯಾಕೆ ಡಾಕ್ಟ್ರೇ?

ಮೈಸೂರಿನಲ್ಲಿ ಮೆಡಿಕಲ್ ಹುಡುಗರಿಗೆ ವಾರ್ಡಿನಲ್ಲಿ ಪಾಠ ಮಾಡುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನಂಜನಗೂಡಿನಿಂದಲೋ ಎಚ್.ಡಿ. ಕೋಟೆಯಿಂದಲೋ ಅಪ್ಪನನ್ನು ಕರೆತಂದ ಮಗ ಮೆಲ್ಲಗೆ ಕೇಳುತ್ತಾನೆ: “ಸಾರ್, ಇಷ್ಟೊಂದು ಜನ ನೋಡ್ತಾವ್ರೆ. ನಮ್ಮಪ್ಪಂಗೆ ಏನಾದ್ರೂ ದೊಡ್ಡ ಕಾಯಿಲೆನಾ?” ಓದಿಕೊಂಡವರು ಇದನ್ನೇ ಸ್ವಲ್ಪ ಖಾರವಾಗಿ ಕೇಳುತ್ತಾರೆ.

ಗಾಬರಿ ಬೇಡ. ಅವರೆಲ್ಲ ಕಲಿಯಲು ಬಂದ ಹುಡುಗರು. ರೋಗಿಯ ಹಾಸಿಗೆ ಪಕ್ಕದಲ್ಲೇ ಕಲಿಸುವ ಈ ಪದ್ಧತಿಯನ್ನು ಗಟ್ಟಿಯಾಗಿ ಬೇರೂರಿಸಿದವರು ವಿಲಿಯಂ ಆಸ್ಲರ್ ಎಂಬ ವೈದ್ಯರು. 1849ರಲ್ಲಿ ಕೆನಡಾದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ತಾವೂ ಪಾದ್ರಿಯಾಗಲು ಹೊರಟು, ಮನಸ್ಸು ಬದಲಿಸಿ ಮೆಡಿಕಲ್ ಸೇರಿದರು. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಮುಖ್ಯ ವೈದ್ಯರಾದರು. ಆಗ ಅಮೆರಿಕದಲ್ಲಿ ಎಷ್ಟೋ ಹುಡುಗರು ಬೆಂಚಿನ ಮೇಲೆ ಕೂತು ಪಾಠ ಕೇಳಿಯೇ ಡಾಕ್ಟರಾಗುತ್ತಿದ್ದರು. ಆ ಹುಡುಗರನ್ನು ಆಸ್ಲರ್ ಎಬ್ಬಿಸಿ ವಾರ್ಡಿಗೆ ಕರೆದೊಯ್ದರು. ರೋಗಿಯನ್ನು ಮಾತಾಡಿಸಬೇಕು, ಮುಟ್ಟಿ ನೋಡಬೇಕು, ಎಲ್ಲ ಬರೆದಿಡಬೇಕು. ನಮ್ಮ ಹುಡುಗರು ‘ಕೇಸ್ ತಗೊಳ್ಳೋದು’ ಅನ್ನುವುದು ಇದನ್ನೇ.

ಪುಸ್ತಕ ಸಾಲದಾ ಅಂತೀರಾ? ಹೃದಯದ ಕವಾಟಕ್ಕೆ ಸೋಂಕು ತಗುಲಿದಾಗ ಕೆಲವರ ಬೆರಳ ತುದಿಯಲ್ಲಿ ಸಣ್ಣ ಕೆಂಪು ಗಂಟು ಏಳುತ್ತದೆ. ಅದರ ಹೆಸರೇ ‘ಆಸ್ಲರ್ ನೋಡ್’, ಅಂದರೆ ಆಸ್ಲರ್ ಗಂಟು. ಅದೇ ಕಾಯಿಲೆಯಲ್ಲಿ ಅಂಗೈ, ಅಂಗಾಲಲ್ಲಿ ಬರುವ ಕೆಂಪು ಮಚ್ಚೆಗೆ ಜೇನ್‌ವೇ ಎಂಬುವರ ಹೆಸರಿದೆ. ಸಾಮಾನ್ಯವಾಗಿ ಗಂಟು ನೋಯುತ್ತದೆ, ಮಚ್ಚೆ ನೋಯುವುದಿಲ್ಲ. ಫೋಟೋ ನೋಡಿ ನೋವು ಗೊತ್ತಾಗುತ್ತಾ? ಮೆತ್ತಗೆ ಒತ್ತಿ, “ನೋಯ್ತದಾ ಯಜಮಾನ್ರೇ?” ಅಂತ ಕೇಳಲೇಬೇಕು. ಆ ಹೊತ್ತಿಗೆ ಮೇಷ್ಟ್ರು ನಾನಲ್ಲ, ಹಾಸಿಗೆಯಲ್ಲಿರುವ ಯಜಮಾನರು.

ಆಸ್ಲರ್ ಮಹಾ ತುಂಟರು ಕೂಡ. ಎಗರ್ಟನ್ ಯಾರಿಕ್ ಡೇವಿಸ್ ಅನ್ನೋ ಸುಳ್ಳು ಹೆಸರಲ್ಲಿ ವೈದ್ಯ ಪತ್ರಿಕೆಗಳಿಗೆ ತಮಾಷೆಯ ಕಾಗದ ಬರೆಯುತ್ತಿದ್ದರು. ಈಗ ಯಾರಾದರೂ ಮಾಡಿದರೆ ಮೆಮೋ ಗ್ಯಾರಂಟಿ! 1905ರಲ್ಲಿ ಆಕ್ಸ್‌ಫರ್ಡಿಗೆ ಹೋದರು, ಆಮೇಲೆ 1911ರಲ್ಲಿ ‘ಸರ್’ ಆದರು. ಆದರೂ, ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದೆ ಅಂತ ಸಮಾಧಿ ಮೇಲೆ ಬರೆದರೆ ಸಾಕು ಅನ್ನುತ್ತಿದ್ದರು. 1919ರಲ್ಲಿ ತೀರಿಕೊಂಡರು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಕೆ.ಆರ್. ಆಸ್ಪತ್ರೆಯಲ್ಲಿ ಕಲಿಯುವುದೂ ಹೀಗೇ.

ಹಾಗಂತ ರೋಗಿಯನ್ನು ಒಂದು ಮಾತೂ ಕೇಳದೆ ಹೊದಿಕೆ ಸರಿಸುವುದನ್ನು ನಾನು ಒಪ್ಪಲ್ಲ. ಹೆಸರು ಹೇಳಿ, ಒಪ್ಪಿಗೆ ಪಡೆದು, ಆಮೇಲೆ ಮುಟ್ಟಬೇಕು. ನಿಮಗೆ ಬೇಡ ಅನಿಸಿದರೆ ಬೇಡ ಅನ್ನಿ. ಅದಕ್ಕಾಗಿ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಬಾರದು. ಒಪ್ಪಿದರೆ ಮಾತ್ರ ಸಂಕೋಚ ಬಿಟ್ಟು, ಯಾವಾಗಿಂದ, ಎಲ್ಲಿ, ಹೇಗೆ ನೋವು ಅಂತ ನಿಮ್ಮ ಊರ ಮಾತಲ್ಲೇ ಹೇಳಿ. ಹುಡುಗರಿಗೆ ಅದು ಪರೀಕ್ಷೆಗಿಂತ ಜಾಸ್ತಿ ಕಷ್ಟ, ಕಲಿಯಲಿ ಬಿಡಿ.